9×11 ಅಡಿ ಖೋಲಿ, 5,000 ರೂಪಾಯಿ: ಕಂಪ್ಯೂಟರಿಗೆ ಯಾವ ಸ್ಪೀಕರ್ ಛಲೋ?

ಗುಮ್ಮಟನಗರಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸ್ಪೀಕರ್ ತಗೋಬೇಕಾಗ್ಯದ. ಬಜೆಟ್ 5,000 ರೂಪಾಯಿ, ಭಾಳ ಅಂದ್ರ ಇನ್ನೈದುನೂರು ಏರಿಸಬಹುದು.

ಖೋಲಿ 9 ಅಡಿ ಅಗಲ, 11 ಅಡಿ ಉದ್ದ, 10 ಅಡಿ ಎತ್ತರ. ಮ್ಯಾಲ ಸ್ಲ್ಯಾಬ್, ಕೆಳಗ ಫರಸಿ, ನಾಲ್ಕೂ ಗ್ವಾಡಿಗೆ ಸಿಮೆಂಟ್ ಗಿಲಾವು. ಟೇಬಲ್ 4×2 ಅಡಿ, ಮ್ಯಾಲ ಕಡಪಾ ಕಲ್ಲು ಅದ. 9 ಅಡಿ ಗ್ವಾಡಿಗೆ ಹಚ್ಚಿ ಇಟ್ಟದ್ದು. ಕುಂತಾಗ ಕಿವಿಗೂ ಮಾನಿಟರಿಗೂ ಎರಡೂವರಿ ಅಡಿ ಅಂತರ ಇರ್ತದ. ಬಾಡಿಗಿ ಖೋಲಿ, ಮೊಳಿ ಹೊಡಿಯಂಗಿಲ್ಲ. ಬಾಜೂ ಮನಿಗೂ ನಮಗೂ ಗ್ವಾಡಿ ಒಂದ, ಅದಕ್ಕ ರಾತ್ರಿ ಸಣ್ಣಗ ಕೇಳಬೇಕು, ಸಣ್ಣಗ ಇಟ್ರೂ ಮಾತು ಸ್ಪಷ್ಟ ಇರಬೇಕು.

ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ವಚನ, ಪ್ರವಚನ. ವಾರಕ್ಕೊಂದು ಸಿನಿಮಾ. ಗೇಮ್ ಇಲ್ಲ.

ಈಗ ಹಳೇದೊಂದು 2.1 ಸೆಟ್ (ಎರಡು ಸಣ್ಣ ಡಬ್ಬಿ, ಜೋಡಿಗೆ ಕೆಳಗಿನ ಸ್ವರಕ್ಕ ಒಂದು ವೂಫರ್ ಡಬ್ಬಿ) ಅದ. ಗುಂಯ್ ಅಂತ ಸದ್ದು ಬರ್ತದ, ವಾಲ್ಯೂಮ್ ಏರಿಸಿದಂಗ ಅದೂ ಏರ್ತದ. ಅದನ್ನ ತೆಗದು ಹೊಸಾದು ತರೋ ವಿಚಾರ. ಅಂಗಡ್ಯಾಗ ಇದೇ ರೇಟಿಗೆ ರಿಮೋಟು, ಬ್ಲೂಟೂತು, 60 ವ್ಯಾಟು ಅಂತ 2.1 ತೋರಸ್ತಾರ, ವೂಫರ್ ಇಲ್ಲದ 2.0 ಕೇಳಿದ್ರ ಅಷ್ಟ ರೊಕ್ಕಕ್ಕ 10–20 ವ್ಯಾಟಿನ ಎರಡು ಡಬ್ಬಿ. ಖರೇ ಉಪಯೋಗ ಯಾವುದು? ಎರಡಿಂಚಿನ ಯುಎಸ್‌ಬಿ ಸ್ಪೀಕರ್ ಸಾಕಾಗ್ತಾವೋ, ನಾಲ್ಕಿಂಚಿನವು ಬೇಕೋ? ಬ್ಲೂಟೂತ್ ಇರಲೇಬೇಕೇನ್ರಿ?

ಟಿಳಕವಾಡಿ (ಬೆಳಗಾವಿ)

2.0 ತಗೋರಿ. ಇಷ್ಟು ಸಣ್ಣ ಖೋಲಿಗೆ, ಇಷ್ಟು ರೊಕ್ಕದಾಗ, ಗಾಯನ ಕೇಳವರಿಗೆ 2.1 ನಾ ಹೇಳೂದಿಲ್ಲ.

ಮೊದಲ ರೊಕ್ಕದ ಲೆಕ್ಕ ನೋಡ್ರಿ. 5,000ದ 2.1 ಸೆಟ್ಟಿನಾಗ ಅದ ರೊಕ್ಕ ಮೂರು ಡಬ್ಬಿಗೆ, ರಿಮೋಟಿಗೆ, ಲೈಟಿಗೆ, ಪೆನ್‌ಡ್ರೈವ್ ಓದೋ ಬೋರ್ಡಿಗೆ ಹಂಚಿ ಹೋಗಿರ್ತೈತಿ. ನಿಮ್ಮ ಕಿವಿಗೆ ಮಾತು ಮುಟ್ಟಸೋ ಎರಡು ಸಣ್ಣ ಡಬ್ಬಿಗೆ ಉಳಿಯೂದು ತೀರಾ ಕಡಿಮಿ: ತೆಳ್ಳನ್ನ ಪ್ಲಾಸ್ಟಿಕ್, ಒಳಗ ಎರಡೂವರಿ–ಮೂರಿಂಚಿನ ಒಂದ ಕೋನ್ (ಅಲುಗಿ ಸದ್ದು ಮಾಡೋ ಬಟ್ಟಲು), ಮ್ಯಾಲಿನ ಸ್ವರಕ್ಕ ಬೇಕಾದ ಸಣ್ಣ ಸ್ಪೀಕರ್, ಅಂದ್ರ ಟ್ವೀಟರ್, ಇರೂದಿಲ್ಲ. ಆ ಕೋನಿಗೆ ಕೆಳಗಿನ ಸ್ವರ ತಡಕೊಳ್ಳಾಕ ಆಗೂದಿಲ್ಲ, ಹಂಗಾಗಿ ಹರ್ಟ್ಜ್ ಲೆಕ್ಕದಾಗ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಅಳತಿ) ಸುಮಾರು 150–200 ಹರ್ಟ್ಜ್‌ತನಕದ್ದೆಲ್ಲಾ ಟೇಬಲ್ ಕೆಳಗಿನ ವೂಫರಿಗೆ ಕಳಿಸಿರ್ತಾರ. ಗಂಡಸರು ಮಾತಾಡೋ ದನಿಯ ಮೂಲ ಸ್ವರ ಇರೂದ 85ರಿಂದ 180 ಹರ್ಟ್ಜ್ ನಡುವ. ಅಂದ್ರ ಪ್ರವಚನದವರ ಎದಿದನಿ ನಿಮ್ಮ ಮೊಣಕಾಲ ಹತ್ರ, ಉಚ್ಚಾರ ಟೇಬಲ್ ಮ್ಯಾಲ. ದನಿ ಎರಡು ತುಂಡು ಆಗಿ ಕೇಳ್ತೈತಿ.

ಇನ್ನ ಖೋಲಿ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರಾಬದುರಾ ಗ್ವಾಡಿ ನಡುವಿನ ಅಂತರದ ಎರಡು ಪಟ್ಟು ಉದ್ದ ಯಾವ ಸ್ವರದ ಅಲೆಗೆ ಐತೋ, ಆ ಸ್ವರ ಖೋಲ್ಯಾಗ ನಿಂತಬಿಡ್ತೈತಿ. ನಿಮ್ಮ 11 ಅಡಿಗೆ ಅದು 51 ಹರ್ಟ್ಜ್, 10 ಅಡಿ ಎತ್ತರಕ್ಕ 56, 9 ಅಡಿಗೆ 62–63. ಮೂರೂ ಒಂದರ ಬಾಜೂಕ ಒಂದು. ಫರಸಿ, ಸ್ಲ್ಯಾಬು ಇವನ್ನ ಹೀರೂದಿಲ್ಲ, ತಿರುಗಿ ಒಗಿತಾವ. ಅಗ್ಗದ ವೂಫರ್ ಡಬ್ಬಿ ಜೋರ್ ಬಡಿಯೂದೂ 60–100 ಹರ್ಟ್ಜ್ ನಡುವ. ಎರಡೂ ಕೂಡಿದ್ರ ಡಗ್ಗಾದ (ತಬಲಾ ಜೋಡಿಯ ದೊಡ್ಡದು) ಒಂದೊಂದು ಹೊಡತಾನೂ ಒಂದ ನಮೂನಿ ಗುಮ್ ಆಗ್ತೈತಿ. ಅಂಗೈ ಒತ್ತಿ ಎಳಿಯೋ ಮೀಂಡ (ಸ್ವರದ ಜಾರು) ಅದರಾಗ ಮುಚ್ಚಿ ಹೋಗ್ತೈತಿ. ಬಾಜೂ ಮನಿಗೆ ಗ್ವಾಡಿ ದಾಟಿ ಹೋಗೂದೂ ಇದ ಕೆಳಗಿನ ಸದ್ದು, ಮ್ಯಾಲಿನ ಸದ್ದಲ್ಲ. ರಾತ್ರಿ ಕೇಳವರಿಗೆ ಇದು ದೊಡ್ಡ ಮಾತು.

ವ್ಯಾಟಿನ ಹಿಂದ ಬೀಳಬ್ಯಾಡ್ರಿ. ಸಾಧಾರಣ ಸ್ಪೀಕರ್ 1 ವ್ಯಾಟಿಗೆ 1 ಮೀಟರ್ ದೂರದಾಗ 85 ಡೆಸಿಬಲ್ ಕೊಡ್ತೈತಿ ಅಂತ ಹಿಡೀರಿ. ನಿಮ್ಮ ಎರಡೂವರಿ ಅಡಿಗೆ ಅದು 87 ಆಗ್ತೈತಿ, ಎರಡು ಡಬ್ಬಿ ಕೂಡಿದ್ರ 90ರ ಹತ್ರ. ಎದುರಿಗೆ ಕುಂತು ಮಾತಾಡೂದು ಸುಮಾರು 60 ಡೆಸಿಬಲ್. ಅಂದ್ರ ದಿನಾ ಕೇಳಾಕ ನಿಮಗ ಹತ್ತೂದು 1 ವ್ಯಾಟಿಗಿಂತ ಕಡಿಮಿ, ತಬಲಾ ಥಾಪಿಗೆ, ಸಿನಿಮಾಕ್ಕ ಅಂತ 10 ವ್ಯಾಟ್ ಇದ್ರ ಮುಗೀತು. ವ್ಯಾಟ್ ಎರಡು ಪಟ್ಟು ಮಾಡಿದ್ರ ಸಿಗೂದು ಬರೇ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರ್ ಅನ್ನಸಾಕ ಹತ್ತು ಪಟ್ಟು ವ್ಯಾಟ್ ಬೇಕು.

ಡಬ್ಬಿ ಮ್ಯಾಲ ಆರ್‌ಎಂಎಸ್ (ಸತತ ಕೊಡೋ ವ್ಯಾಟ್) ಅಂತ ಬರದದ್ದನ್ನ ಅಷ್ಟ ನೋಡ್ರಿ, ಪಿಎಂಪಿಒ (ಕ್ಷಣಮಾತ್ರದ ಉಬ್ಬಿಸಿದ ಅಂಕಿ) ಅಂತಿದ್ರ ಅದನ್ನ ಬಿಟ್ಟಬಿಡ್ರಿ. ಆರ್‌ಎಂಎಸ್ ಮ್ಯಾಲೂ ನಂಬಿಕಿ ಬರಲಿಲ್ಲಂದ್ರ ಹಿಂದಿನ ಲೇಬಲ್ ಓದ್ರಿ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ರ ಒಳಗ ಹೋಗೂದ 24 ವ್ಯಾಟ್. ಹೊರಗ 60 ಎಲ್ಲಿಂದ ಬರ್ತೈತಿ? ಯುಎಸ್‌ಬಿಯಿಂದ ನಡಿಯೋ ಸ್ಪೀಕರಿಗೂ ಇದ ಲೆಕ್ಕ. ಯುಎಸ್‌ಬಿ 2.0 ಕೊಡೂದು 5 ವೋಲ್ಟಿಗೆ ಅರ್ಧ ಆಂಪಿಯರ್, 2.5 ವ್ಯಾಟ್. ಯುಎಸ್‌ಬಿ 3.0 ಆದ್ರ 4.5.

ಬ್ಲೂಟೂತ್ ನಿಮಗ ಬ್ಯಾಡ. ಕಂಪ್ಯೂಟರು ಬಾಜೂಕ ಐತಿ, ವೈರ್ ಹಾಕ್ರಿ. ಬ್ಲೂಟೂತಿನಾಗ ಸದ್ದು ತಡಾ ಆಗಿ ಬರ್ತೈತಿ, ಸಿನಿಮಾದಾಗ ತುಟಿ ಮೊದಲ ಅಲುಗ್ತಾವ, ಮಾತು ಆಮ್ಯಾಲ.

ನವನಗರ_ಸೋಲ್ಡರ್ (ಬಾಗಲಕೋಟೆ)

ಟಿಳಕವಾಡಿ ಸರ್ ಹೇಳಿದ್ದು ಬರೋಬ್ಬರಿ ಐತಿ. ಆದ್ರ ರೊಕ್ಕ ಕೊಡೂಕಿಂತ ಮೊದಲ ಆ ಗುಂಯ್ ಸದ್ದು ಎಲ್ಲಿಂದ ಬರಾಕತ್ತೈತಿ ಅಂತ ಹುಡುಕ್ರಿ. ವಾಲ್ಯೂಮ್ ಜೋಡಿ ಏರ್ತೈತಿ ಅಂದ್ರಿ ಅಲ್ಲ, ಆ ಸದ್ದು ವಾಲ್ಯೂಮಿನಕಿಂತ ಮೊದಲ, ಅಂದ್ರ ಹೊರಗಿಂದ ಬರೂದ ಹೆಚ್ಚು. ಹಂಗಿದ್ರ 50,000ದ ಸ್ಪೀಕರ್ ತಂದ್ರೂ ಗುಂಯ್ ಅಂತೈತಿ.

ಹಿಂಗ ಮಾಡ್ರಿ. ಸೆಟ್ ಚಾಲೂ ಇರಲಿ, ವಾಲ್ಯೂಮ್ ಅರ್ಧಕ್ಕ ಇಡ್ರಿ. ಕಂಪ್ಯೂಟರಿನ ಹಸರು ಜಾಕಿನಿಂದ ಆಕ್ಸ್ (ಸದ್ದು ಒಯ್ಯೋ ವೈರ್) ಪಿನ್ ಕೀಳ್ರಿ, ಪಿನ್ನಿಗೆ ಕೈ ತಾಗಿಸಬ್ಯಾಡ್ರಿ, ತಾಗಿದ್ರ ಬ್ಯಾರೇ ಗುಂಯ್ ಬರ್ತೈತಿ. ಸದ್ದು ಹಂಗ ಉಳೀತಂದ್ರ ತಪ್ಪು ಸೆಟ್ಟಿನಾಗ. ನಿಂತ್ರ ತಪ್ಪು ಕಂಪ್ಯೂಟರ್ ಕಡಿಂದ, ಇಲ್ಲಾ ಗ್ವಾಡಿ ಸಾಕೆಟ್ ಕಡಿಂದ. ಆಮ್ಯಾಲ ಅದ ಪಿನ್ ಮೊಬೈಲಿಗೆ ಹಾಕಿ ನೋಡ್ರಿ, ಮೊಬೈಲ್ ಚಾರ್ಜಿಂಗಿಗೆ ಹಚ್ಚಿರಬಾರದು. ಮೊಬೈಲಿನಾಗ ಸ್ವಚ್ಛ ಐತಿ ಅಂದ್ರ ಸೆಟ್ ಛಲೋ ಐತಿ.

ಸೆಟ್ಟಿಂದ ತಪ್ಪು ಅಂತ ಬಂದ್ರ ನೂರಕ್ಕ ತೊಂಬತ್ತು ಫಿಲ್ಟರ್ ಕೆಪ್ಯಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡೋ ಭಾಗ) ಒಣಗಿರ್ತೈತಿ. ತೆಲಿ ಉಬ್ಬಿರ್ತೈತಿ, ಇಲ್ಲಾ ಬುಡದಾಗ ಕಂದು ಅಂಟು ಇಳಿದಿರ್ತೈತಿ. ವಿಜಯಪುರದ ಬ್ಯಾಸಗಿಗೆ ಇದು ಭಾಳ. ಉಷ್ಣತೆ 10 ಡಿಗ್ರಿ ಏರಿದ್ರ ಕೆಪ್ಯಾಸಿಟರ್ ಆಯುಷ್ಯ ಅರ್ಧಕ್ಕ ಇಳೀತೈತಿ ಅನ್ನೂದು ರಿಪೇರಿಯವರ ಲೆಕ್ಕ. ಹಾಕೂಮುಂದ ವೋಲ್ಟೇಜ್ ನೋಡ್ರಿ. 12-0-12 ಟ್ರಾನ್ಸ್‌ಫಾರ್ಮರಿದ್ರ ಡಯೋಡ್ ದಾಟಿದ ಮ್ಯಾಲ 16–17 ವೋಲ್ಟ್ ಡಿಸಿ ಆಗ್ತೈತಿ, ಲೈನ್ ಏರಿದಾಗ ಇನ್ನೂ ಹೆಚ್ಚು. ಅಲ್ಲಿ 16 ವೋಲ್ಟಿನ ಕೆಪ್ಯಾಸಿಟರ್ ಹಾಕಿದ್ರ ಸಿಡಿತೈತಿ. 25 ವೋಲ್ಟಿಂದು ಬೇಕು, ಮೈಕ್ರೋಫ್ಯಾರಡ್ ಹಳೇದರಷ್ಟ ಇಲ್ಲಾ ತುಸು ಹೆಚ್ಚು. ಬಿಚ್ಚೂಕಿಂತ ಮೊದಲ ಪ್ಲಗ್ ಕಿತ್ತು, ಕೆಪ್ಯಾಸಿಟರ್ ಖಾಲಿ ಆಗೂತನಕ ಕಾಯ್ರಿ.

ಪಿನ್ ಕಿತ್ತಾಗ ಸದ್ದು ನಿಂತ್ರ ಇನ್ನೊಂದು ನೋಡಿ ಹೇಳ್ರಿ: ಕಂಪ್ಯೂಟರ್ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ತಗಡಿಗೆ ಬೆರಳ ಹಿಂಭಾಗ ಹಗೂರಕ ಸವರಿದ್ರ ಜುಮ್ ಅಂತೈತೇನು? ಮೌಸ್ ಅಲುಗಿಸಿದ್ರ ಸದ್ದು ಕಿರ್ರ್ ಅಂತ ಬದಲಾಗ್ತೈತೇನು? ಇವೆರಡೂ ಬ್ಯಾರೇ ಬ್ಯಾರೇ ರೋಗ.

ಗುಮ್ಮಟನಗರಿ (ವಿಜಯಪುರ)

ಮಾಡಿ ನೋಡಿದೆ ಅಣ್ಣಾರ. ಪಿನ್ ಕಿತ್ತ ಕೂಡಲೇ ಸದ್ದು ಬಂದ್. ಮೊಬೈಲಿಗೆ ಹಾಕಿದ್ರ ಒಂದೀಟೂ ಗುಂಯ್ ಇಲ್ಲ. ಕ್ಯಾಬಿನೆಟ್ ಸವರಿದ್ರ ಸಣ್ಣಗ ಜುಮ್ ಅಂತದ, ಬರಿಗಾಲಿನ್ಯಾಗ ಫರಸಿ ಮ್ಯಾಲ ನಿಂತ್ರ ಹೆಚ್ಚು. ಮೌಸ್ ಅಲುಗಿಸಿದ್ರ ಏನೂ ಬದಲಿಲ್ಲ. ಸಾಕೆಟ್ ಮೂರು ಪಿನ್ನಿಂದೇ ಅದ, ಟೆಸ್ಟರ್ ಕ್ಯಾಬಿನೆಟ್ಟಿಗೆ ಹಚ್ಚಿದ್ರ ಮಂದಾಗಿ ಹತ್ತತದ.

ನವನಗರ_ಸೋಲ್ಡರ್ (ಬಾಗಲಕೋಟೆ)

ಸಾಕೆಟ್ಟಿಗೆ ಮೂರು ತೂತ ಅದಾವ, ಮ್ಯಾಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರ್ ಬಂದಿಲ್ಲ, ಇಲ್ಲಾ ಎಲ್ಲೋ ಹರದೈತಿ. ಕಾರಣ ಹೇಳ್ತೀನಿ ಕೇಳ್ರಿ.

ಕಂಪ್ಯೂಟರಿನ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ) ಒಳಗ ಲೈನ್ ಬರೂ ಜಾಗಾದಾಗ ಎರಡು ಸಣ್ಣ ನೀಲಿ ಬಿಲ್ಲೆ ಕೆಪ್ಯಾಸಿಟರ್ ಇರ್ತಾವ. ಒಂದು ಫೇಸಿನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಅರ್ಥಿಂಗ್ ಇದ್ರ ಅದರ ಸಣ್ಣ ಸೋರಿಕಿ ನೆಲಕ್ಕ ಹೋಗ್ತೈತಿ. ಇಲ್ಲಂದ್ರ ಕ್ಯಾಬಿನೆಟ್ ಎರಡರ ನಡುವ ತೇಲಿ, 230ರ ಅರ್ಧ, ಅಂದ್ರ ಸುಮಾರು 115 ವೋಲ್ಟಿಗೆ ನಿಲ್ತೈತಿ. ಕರೆಂಟ್ ಭಾಳ ಸಣ್ಣದು, ಹಂಗಾಗಿ ಬರೇ ಜುಮ್ ಅಂತೈತಿ. ಅದ 50 ಹರ್ಟ್ಜ್ ಆಕ್ಸ್ ವೈರಿನ ಗ್ರೌಂಡ್ ಹಿಡ್ದು ಆಂಪಿಗೆ (ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರಿಗೆ) ನುಗ್ಗತೈತಿ. ನಿಮ್ಮ ಗುಂಯ್ ಅಂದ್ರ ಅದ.

ಎಲೆಕ್ಟ್ರಿಶಿಯನ್ ಕರಸ್ರಿ, ಮಾಲಕರಿಗೂ ಹೇಳ್ರಿ. ಮಲ್ಟಿಮೀಟರಿನಾಗ ಫೇಸ್–ನ್ಯೂಟ್ರಲ್ 230, ಫೇಸ್–ಅರ್ಥ್ ಅದರಷ್ಟ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ತೋರಸಬೇಕು. ಬರೇ ಮೀಟರ್ ನಂಬಬಾರದು, ಹರದ ವೈರಿನ್ಯಾಗೂ ಅದು ಸುಳ್ಳು ವೋಲ್ಟ್ ತೋರಸ್ತೈತಿ. ಫೇಸಿಗೂ ಅರ್ಥಿಗೂ 60 ವ್ಯಾಟಿನ ಹಳೇ ಗುಂಡು ಬಲ್ಬ್ ಹಚ್ಚಿ ನೋಡಿದ್ರ ಪೂರ್ತಿ ಬೆಳಕ ಬರಬೇಕು. ಮನ್ಯಾಗ ಆರ್‌ಸಿಸಿಬಿ (ಸೋರಿಕಿ ಆದ್ರ ಕರೆಂಟ್ ಕಡಿಯೋ ಸ್ವಿಚ್) ಇದ್ರ ಬಲ್ಬ್ ಹತ್ತೂದ್ರೊಳಗ ಅದು ಬೀಳ್ತೈತಿ, ಅದೂ ಅರ್ಥ್ ಐತಿ ಅನ್ನಾಕ ಸಾಕ್ಷಿ. ಈ ಬಲ್ಬಿನ ಪರೀಕ್ಷೆ ಎಲೆಕ್ಟ್ರಿಶಿಯನ್ನನ ಮಾಡಲಿ, ನೀವು ಬ್ಯಾಡ.

ಒಂದು ಮಾತು ಗಟ್ಟ್ಯಾಗಿ ಹೇಳ್ತೀನಿ. ಕೆಲವರು ಖರ್ಚು ಉಳಸಾಕ ಸಾಕೆಟ್ಟಿನಾಗ ನ್ಯೂಟ್ರಲ್ ಮತ್ತ ಅರ್ಥ್ ಎರಡಕ್ಕೂ ಒಂದು ತುಂಡು ವೈರ್ ಹಾಕಿ ಕೂಡಸ್ತಾರ. ಗುಂಯ್ ನಿಲ್ತೈತಿ, ಜುಮ್ಮೂ ನಿಲ್ತೈತಿ. ಆದ್ರ ಮುಂದ ಎಂದಾದ್ರೂ ನ್ಯೂಟ್ರಲ್ ಹರೀತಂದ್ರ ಕ್ಯಾಬಿನೆಟ್ಟಿಗೆ ನೇರ 230 ವೋಲ್ಟ್ ಬರ್ತೈತಿ, ಮುಟ್ಟಿದವರು ಉಳಿಯೂದಿಲ್ಲ. ಯಾರಿಗೂ ಹಂಗ ಮಾಡಾಕ ಬಿಡಬ್ಯಾಡ್ರಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಸೂದೂ ಬ್ಯಾಡ.

ಮೌಸ್ ಜೋಡಿ ಕಿರ್ರ್ ಅನ್ನೂದು ನಿಮಗಿಲ್ಲ, ಆದ್ರೂ ಓದವರಿಗಾಗಿ: ಅದು ಯುಎಸ್‌ಬಿ ಸ್ಪೀಕರಿನ ರೋಗ. ಕರೆಂಟೂ ಕಂಪ್ಯೂಟರಿಂದ, ಆಕ್ಸೂ ಕಂಪ್ಯೂಟರಿಂದ ಬಂದ್ರ ಎರಡು ಗ್ರೌಂಡ್ ಕೂಡಿ ಸುತ್ತು ಬೀಳ್ತೈತಿ. ಯುಎಸ್‌ಬಿ ಪಿನ್ ಕಂಪ್ಯೂಟರಿಂದ ತೆಗದು ಮೊಬೈಲ್ ಚಾರ್ಜರಿಗೆ ಹಾಕಿದ್ರ ಬಹಳ ಸಲ ಅಲ್ಲಿಗೇ ಮುಗೀತೈತಿ. ಆಗಲಿಲ್ಲಂದ್ರ ಗ್ರೌಂಡ್ ಲೂಪ್ ಐಸೊಲೇಟರ್ ಅಂತ 200–400 ರೂಪಾಯಿಗೆ ಬರ್ತೈತಿ. ಒಳಗ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಅಷ್ಟ. ಅಗ್ಗದ್ದಾದ್ರ ಕೆಳಗಿನ ಸ್ವರ ತುಸು ತಿಂತೈತಿ.

ಕಾಳಿ_ಒಂದು (ಬೆಳಗಾವಿ)

ಎರಡಿಂಚೋ ನಾಲ್ಕಿಂಚೋ ಅನ್ನುವ ಪ್ರಶ್ನೆಗೆ ಗಾಯನದ ಕಡೆಯಿಂದ ನೋಡಿ ಹೇಳುತ್ತೇನೆ.

ಗಂಡಸರ ಗಾಯನದಲ್ಲಿ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಬಹಳ ಸಾಮಾನ್ಯ. ಅದರ ಷಡ್ಜ, ಅಂದರೆ ಸ, ಸುಮಾರು 139 ಹರ್ಟ್ಜ್. ತಂಬೂರಿಯ ಖರ್ಜದ (ಕೆಳಗಿನ ಸ) ತಂತಿ ಅದರ ಅರ್ಧ, 69. ಎರಡಿಂಚಿನ ಕೋನ್ ಹೆಚ್ಚಾಗಿ 100–120ರ ಕೆಳಗೆ ಬೇಗ ಕುಸಿದುಬಿಡುತ್ತದೆ, ಅಂದರೆ ಆ 69 ಅದರಲ್ಲಿ ನುಡಿಯುವುದೇ ಇಲ್ಲ. ಆದರೂ ಖರ್ಜ ಕೇಳಿದಂತೆಯೇ ಇರುತ್ತದೆ, ಯಾಕೆಂದರೆ ಅದೇ ತಂತಿಯಿಂದ 139, 208, 277 ಹೀಗೆ ಮೇಲಿನ ಅಂಶಸ್ವರಗಳೂ ಬರುತ್ತಿರುತ್ತವೆ. ಅವುಗಳ ನಡುವಿನ ಅಂತರ ಹಿಡಿದು ಕಿವಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಸಣ್ಣ ಸ್ಪೀಕರಿನಲ್ಲಿ ರಾಗ ತಪ್ಪಿ ಕೇಳುವುದಿಲ್ಲ. ಕಳೆದುಹೋಗುವುದು ತಂಬೂರಿಯ ತುಂಬು, ಡಗ್ಗಾದ ಗಾಳಿ, ಮಂದ್ರದಲ್ಲಿ ಆಲಾಪ ಮಾಡುವಾಗ ಗಾಯಕರ ಎದೆಯ ಭಾರ. ನಾಲ್ಕಿಂಚಿನ ಕೋನ್ ಒಳ್ಳೆಯ ಮರದ ಡಬ್ಬಿಯಲ್ಲಿದ್ದರೆ 60–70ರವರೆಗೆ ಇಳಿಯುತ್ತದೆ, ಇವು ಮೂರೂ ಸಿಗುತ್ತವೆ. ವ್ಯಾಸ ಎರಡು ಪಟ್ಟಾದರೆ ಕೋನಿನ ವಿಸ್ತಾರ ನಾಲ್ಕು ಪಟ್ಟು; ಅಷ್ಟೇ ಗಾಳಿ ತಳ್ಳಲು ಎರಡಿಂಚಿನದು ನಾಲ್ಕು ಪಟ್ಟು ಹಿಂದೆ ಮುಂದೆ ಆಡಬೇಕು, ಆಡಲಾರದೆ ದನಿ ಒಡೆಯುತ್ತದೆ. ನೀವು ಕೇಳುವುದು ಹೆಚ್ಚಾಗಿ ಗಾಯನವಾದರೆ ನಾಲ್ಕಿಂಚು. ಬರೀ ಪ್ರವಚನವಾದರೆ ಎರಡಿಂಚು ಸಾಕು.

ಇನ್ನೊಂದು, ಟ್ವೀಟರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಳೆಯ ಮುದ್ರಿಕೆಗಳನ್ನೇ ತೆಗೆದುಕೊಳ್ಳಿ. ಒಂದೇ ಚಾನೆಲ್ಲು, ಹಿನ್ನೆಲೆಯಲ್ಲಿ ಸುಸ್ಸೆನ್ನುವ ಸದ್ದು. ಅಗ್ಗದ ಪೀಝೋ (ಸುರುಳಿಯ ಬದಲು ಬಿಲ್ಲೆ ಅಲುಗುವ) ಟ್ವೀಟರ್ ಆ ಸುಸ್ಸನ್ನೇ ಎತ್ತಿ ಮುಂದಿಡುತ್ತದೆ, ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ರೇಷ್ಮೆ ಬಟ್ಟೆಯ ಗುಮ್ಮಟದ ಟ್ವೀಟರ್ ಇದ್ದರೆ ಮೃದು. ಅಂಗಡಿಯಲ್ಲಿ ಪರೀಕ್ಷಿಸಲು ಸಿನಿಮಾ ಹಾಡು ಬೇಡ, ಒಬ್ಬರೇ ಮಾತಾಡುವ ಕನ್ನಡ ವಾರ್ತೆ ಹಾಕಿಸಿ. ಸ, ಶ, ಚ ಬಂದಾಗಲೆಲ್ಲ ಚುಚ್ಚಿದಂತಾದರೆ ಬಿಟ್ಟುಬಿಡಿ. ವಾರ್ತೆಯವರು ಕೊಡದೊಳಗಿಂದ ಮಾತಾಡಿದಂತೆ ಕೇಳಿದರೂ ಬಿಟ್ಟುಬಿಡಿ. ದನಿ ಎರಡು ಡಬ್ಬಿಗಳ ನಟ್ಟನಡುವೆ, ಗಾಳಿಯಲ್ಲಿ ಒಂದು ಬಿಂದುವಿನಿಂದ ಬಂದಂತೆ ಇರಬೇಕು. ಎಲ್ಲ ಕಡೆ ಹರಡಿ ಟೊಳ್ಳಾಗಿ ಕೇಳಿದರೆ ಒಂದು ಡಬ್ಬಿಯ ಕೆಂಪು–ಕಪ್ಪು ವೈರು ಅದಲುಬದಲಾಗಿದೆ, ಸರಿಮಾಡಿಸಿ ಮತ್ತೆ ಕೇಳಿ.

ನವನಗರ_ಸೋಲ್ಡರ್ (ಬಾಗಲಕೋಟೆ)

ನಾಲ್ಕಿಂಚು ಬೇಕು, ರೊಕ್ಕ ಐದು ಸಾವಿರ ಅಂದ್ರ ಇನ್ನೊಂದು ಹಾದಿ ಐತಿ. ಹಳೇ ಮ್ಯೂಸಿಕ್ ಸಿಸ್ಟಮ್ಮಿನ ಜೋಡಿ ಡಬ್ಬಿ, ನಾಲ್ಕಿಂದ ಐದಿಂಚಿನ ಕೋನು ಮತ್ತ ಟ್ವೀಟರ್ ಇರೂವು, ಹಳೇ ಸಾಮಾನಿನ ಅಂಗಡ್ಯಾಗ 1,000–1,500ಕ್ಕ ಸಿಗ್ತಾವ. ಟಿಪಿಎ3116 ಚಿಪ್ಪಿನ ಎರಡು ಚಾನೆಲ್ ಆಂಪ್ ಬೋರ್ಡ್ 400–700. 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ 400ರ ಹತ್ರ. ಎಲ್ಲಾ ಕೂಡಿ ಮೂರು ಸಾವಿರದೊಳಗ.

ಡಬ್ಬಿ ತಗೊಳ್ಳೂಮುಂದ ಕೋನಿನ ಸುತ್ತ ಇರೋ ಪಟ್ಟಿ ಒತ್ತಿ ನೋಡ್ರಿ. ರಬ್ಬರ್ ಇದ್ರ ಛಲೋ. ಫೋಮ್ ಇದ್ದು ಬೆರಳಿಗೆ ಪುಡಿ ಹತ್ತಿದ್ರ ಬ್ಯಾಡ. ಕೋನಿನ ಎರಡೂ ಬದಿ ಬೆರಳಿಟ್ಟು ಸಮ ಒತ್ತಿದಾಗ ಒಳಗ ಕರಕರ ಅಂದ್ರ ಕಾಯಿಲ್ ತಿಕ್ಕಾಕತ್ತೈತಿ. ಮಲ್ಟಿಮೀಟರಿನಾಗ 8 ಓಮಿಂದು 6–7, 4 ಓಮಿಂದು 3.2–3.6 ತೋರಸಬೇಕು. ಟ್ವೀಟರಿಗೆ ಹೋಗೂ ಸಣ್ಣ ಕೆಪ್ಯಾಸಿಟರ್ ಹಳೇದಾಗಿರ್ತೈತಿ, ಅದರ ಅಂಕಿ ನೋಡಿ ಅಷ್ಟ ಮೈಕ್ರೋಫ್ಯಾರಡ್ಡಿನ ಫಿಲ್ಮ್ ಕೆಪ್ಯಾಸಿಟರ್ ಹಾಕ್ರಿ. ಒಂದಕ್ಕ 30–40 ರೂಪಾಯಿ, ದನಿ ತೆರಕೊಂತೈತಿ.

12 ವೋಲ್ಟಿಗೆ 8 ಓಮ್ ಡಬ್ಬ್ಯಾಗ 8–9 ವ್ಯಾಟ್ ಬರ್ತೈತಿ, ನಿಮ್ಮ ಖೋಲಿಗೆ ಸಾಕು. 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದ್ರ 20ರ ಮ್ಯಾಲ. ಆದ್ರ ಮೂರು ಪಿನ್ನಿನ ಲ್ಯಾಪ್‌ಟಾಪ್ ಅಡಾಪ್ಟರ್ ಬಹಳಷ್ಟರೊಳಗ ಡಿಸಿ ಮೈನಸ್ ಅರ್ಥಿಗೆ ಕೂಡಿರ್ತೈತಿ. ಕಂಪ್ಯೂಟರೂ ಅರ್ಥಿಗೆ, ಆಂಪೂ ಅರ್ಥಿಗೆ, ನಡುವ ಆಕ್ಸ್ ವೈರ್, ಮತ್ತ ಗುಂಯ್ ಚಾಲೂ. ಎರಡು ಪಿನ್ನಿನ ಅಡಾಪ್ಟರ್ ತಗೋರಿ. ಇನ್ನ ಈ ಬೋರ್ಡಿನ ಎಡಗಡೆ ಮೈನಸ್ ಬಲಗಡೆ ಮೈನಸ್ ಎರಡನ್ನ ಕೂಡಸಬಾರದು, ಗ್ರೌಂಡಿಗೂ ಮುಟ್ಟಸಬಾರದು. ಹಳೇ ಆಂಪಿನ ರೂಢಿಯಂಗ ಮೂರು ವೈರಿನ್ಯಾಗ ಮುಗಸಾಕ ಹೋದ್ರ ಚಿಪ್ ಸುಡ್ತೈತಿ. ನಾಲ್ಕು ಟರ್ಮಿನಲ್ಲಿಗೆ ನಾಲ್ಕು ವೈರ್, ಸಾದಾ 0.75 ಚದರ ಮಿಲಿಮೀಟರಿಂದು ನಡೀತೈತಿ.

ಟಿಳಕವಾಡಿ (ಬೆಳಗಾವಿ)

ಸೋಲ್ಡರ್ ಅಣ್ಣಾರ ಹಾದಿ ದನಿಗೆ ಛಲೋ, ಇದರಾಗ ಸಂಶಯ ಇಲ್ಲ. ಆದ್ರ ಕೈಯಾಗ ಮಲ್ಟಿಮೀಟರ್, ಸೋಲ್ಡರ್ ಕಡ್ಡಿ ಇದ್ದವರಿಗೆ ಮಾತ್ರ. ಹಳೇ ಡಬ್ಬಿ ಕೆಟ್ಟದ್ದು ಬಂದ್ರ ತಿರುಗಿ ಕೊಡಾಕ ಬರೂದಿಲ್ಲ, ವಾರಂಟಿ ಇಲ್ಲ. ಇಲ್ಲದವರು ಹೊಸ 2.0 ಡಬ್ಬಿನ ತಗೋಬೇಕು.

ಅಂಗಡ್ಯಾಗ ಹುಡುಕೂದು ಇಂಥಾದ್ದು: ಎಂಡಿಎಫ್ ಅಂದ್ರ ಒತ್ತಿದ ಮರದ ಡಬ್ಬಿ, ಮೂರರಿಂದ ನಾಲ್ಕಿಂಚಿನ ಕೋನು, ಬ್ಯಾರೇ ಟ್ವೀಟರು, ಗ್ವಾಡಿ ಪ್ಲಗ್ಗಿನಿಂದ ನಡಿಯೂದು, ವಾಲ್ಯೂಮ್ ಕೈಗೆ ಸಿಗೂ ಜಾಗಾದಾಗ. ಒಂದು ಡಬ್ಬ್ಯಾಗ ಆಂಪ್ ಇದ್ದು ಇನ್ನೊಂದಕ್ಕ ಸಾದಾ ಕೆಂಪು–ಕಪ್ಪು ವೈರ್ ಹೋಗೂವಂಗಿದ್ರ ಇನ್ನೂ ಛಲೋ, ಮುಂದ ವೈರ್ ಕೆಟ್ರ ಹತ್ತು ರೂಪಾಯಿಗೆ ಮೀಟರ್ ಸಿಗೂದು ಹಾಕಬಹುದು. ಎಡಿಫೈಯರ್ ಆರ್1280ಟಿ ಅಂತ ಐತಲ್ಲ, ನಾಲ್ಕಿಂಚು, 13 ಮಿಲಿಮೀಟರ್ ರೇಷ್ಮೆ ಟ್ವೀಟರ್, 42 ವ್ಯಾಟ್ ಆರ್‌ಎಂಎಸ್, ಹೊಸಾದು ನಿಮ್ಮ ಬಜೆಟ್ ದಾಟ್ತೈತಿ; ಬಳಸಿದ್ದು ಸಿಕ್ರ ಬಿಡಬ್ಯಾಡ್ರಿ. ರೊಕ್ಕ ಇನ್ನೂ ಇಳಸಬೇಕು ಅಂದ್ರ ಕ್ರಿಯೇಟಿವ್ ಪೆಬಲ್. ಸಣ್ಣದು, 4.4 ವ್ಯಾಟ್ ಅಷ್ಟ, ಆದ್ರ ಕೋನು 45 ಡಿಗ್ರಿ ಮ್ಯಾಲ ಮುಖ ಮಾಡಿ ನೇರ ಕಿವಿಗೆ ನೋಡ್ತೈತಿ, ಹಂಗಾಗಿ ಮಾತು ಸ್ಪಷ್ಟ. ಅದು ಕರೆಂಟ್ ಯುಎಸ್‌ಬಿಯಿಂದ, ಸದ್ದು ಆಕ್ಸಿನಿಂದ ತಗೋತೈತಿ, ಅಂದ್ರ ಮ್ಯಾಲ ಅಣ್ಣಾರು ಹೇಳಿದ ಕಿರ್ರ್ ರೋಗಕ್ಕ ಚಾರ್ಜರ್ ಒಂದು ಬಾಜೂಕ ಇಟ್ಟಿರ್ರಿ.

ರಾತ್ರಿ ಸಣ್ಣಗ ಕೇಳವರಿಗೆ ಒಂದು ಪರೀಕ್ಷೆ ಬೇಕ ಬೇಕು. ಅಂಗಡ್ಯಾಗ ವಾಲ್ಯೂಮ್ ಸೊನ್ನಿಯಿಂದ ಹಗೂರಕ ಏರಸ್ರಿ. ಅಗ್ಗದ ನಾಬಿನ್ಯಾಗ ಮೊದಲ ಎಡಗಡಿದು ಮಾತ್ರ ಹಾಡ್ತೈತಿ, ಬಲಗಡಿದು ತಡಾ ಮಾಡಿ ಏಳ್ತೈತಿ. ತುಸು ಇದ್ರ ನಡೀತೈತಿ: ವಿಂಡೋಸ್ ವಾಲ್ಯೂಮ್ 40–50ಕ್ಕ ಇಟ್ಟು ನಾಬ್ ಅರ್ಧಕ್ಕ ತಿರುವಿದ್ರ ಎರಡೂ ಸಮ ಆಗ್ತಾವ. ಭಾಳ ಇದ್ರ ಬ್ಯಾರೇ ತೋರಸಾಕ ಹೇಳ್ರಿ. ಹಂಗ ಮೊಬೈಲಿನಾಗ ಟೋನ್ ಜನರೇಟರ್ ಆ್ಯಪ್ ಹಾಕಿ 200ರಿಂದ 50 ಹರ್ಟ್ಜ್‌ತನಕ ಹಗೂರಕ ಇಳಿಸ್ರಿ, ವಾಲ್ಯೂಮ್ ಮಾತಾಡೋವಷ್ಟ ಇರಲಿ. ಡಬ್ಬಿ, ಜಾಳಿಗಿ ಎಲ್ಲೇ ಝರ್ರ್ ಅಂದ್ರ ಆ ತುಂಡು ಬ್ಯಾಡ, ಇನ್ನೊಂದು ಬಿಚ್ಚಸ್ರಿ.

ಗುಮ್ಮಟನಗರಿ (ವಿಜಯಪುರ)

ಎಲೆಕ್ಟ್ರಿಶಿಯನ್ ಬಂದು ನೋಡಿದ್ರು. ಬೋರ್ಡಿನ ಹಿಂದ ಹಸರು ವೈರ್ ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದು ಸಿಕ್ತು, ಅರ್ಥಿಂಗ್ ಕುಣಿಯಿಂದ ವೈರ್ ಬಂದದ ಅಂತ. ಹಚ್ಚಿ ಕೊಟ್ರು. ಗುಂಯ್ ಪೂರಾ ಬಂದ್, ಜುಮ್ಮೂ ಇಲ್ಲ. ಕುಣಿಗೆ ವಾರಕ್ಕೊಮ್ಮೆ ಬ್ಯಾಸಗ್ಯಾಗ ನೀರು ಹಾಕ್ರಿ ಅಂದಾರ.

ಸ್ಪೀಕರ್ ನಾಲ್ಕಿಂಚಿನ 2.0 ಮರದ ಡಬ್ಬಿ ತಗೊಳ್ಳೋದು ಗಟ್ಟಿ ಮಾಡಿದೆ. ಪೋರ್ಟ್, ಅಂದ್ರ ಡಬ್ಬಿಯ ಗಾಳಿ ತೂತು, ಹಿಂದಿನ ಕಡೆ ಇರೋದು ಸಿಗಾಕತ್ಯದ. ಟೇಬಲ್ ಗ್ವಾಡಿಗೆ ಹಚ್ಚಿ ಅದ, ಮುಂದ ಎಳಿಯಾಕ ಒಂದು ಅಡಿ ಜಾಗಾ ಸಿಗಬಹುದು. ಹೆಂಗ ಇಡಬೇಕು?

ಟಿಳಕವಾಡಿ (ಬೆಳಗಾವಿ)

ಟೇಬಲ್ ಅರ್ಧ ಅಡಿ ಮುಂದ ಎಳೀರಿ, ಸಾಕು. ಪೋರ್ಟಿಗೂ ಗ್ವಾಡಿಗೂ ಕಡಿಮಿ ಅಂದ್ರ ನಾಲ್ಕು ಇಂಚು ಇರಬೇಕು. ಅದಕ್ಕಿಂತ ಭಾಳ ಮುಂದ ತಂದ್ರೂ ಲಾಭಿಲ್ಲ: ಗ್ವಾಡಿಯಿಂದ ತಿರುಗಿ ಬರೂ ಸದ್ದು ಮುಂದಿನದನ್ನ ಕಡಿಯೂ ಸ್ವರ, ಡಬ್ಬಿ 1 ಮೀಟರ್ ಮುಂದಿದ್ರ 86 ಹರ್ಟ್ಜ್; ಅಲ್ಲೇ ಡಗ್ಗಾ ಐತಿ. ಹತ್ರ ಇದ್ರ ಆ ತೆಗ್ಗು ಮ್ಯಾಲ ಸರೀತೈತಿ.

9 ಅಡಿ ಗ್ವಾಡಿಯ ನಟ್ಟನಡುವ ಮಾನಿಟರ್ ಬರಲಿ, ಎಡ ಬಲ ನಾಲ್ಕೂವರಿ ಅಡಿ ಸಮ. ಎರಡು ಡಬ್ಬಿ ನಡುವ ಎರಡೂವರಿ ಅಡಿ, ಡಬ್ಬಿಯಿಂದ ಕಿವಿಗೂ ಎರಡೂವರಿ ಅಡಿ, ಮೂರೂ ಬದಿ ಸಮ. ನಿಮ್ಮ ತೆಲಿ 11 ಅಡಿಯ ಸರಿ ಅರ್ಧಕ್ಕ ಬರಬಾರದು, ಅಲ್ಲಿ 51 ಹರ್ಟ್ಜ್ ಮಾಯ ಆಗ್ತೈತಿ. ಬೆನ್ನು ಹಿಂದಿನ ಗ್ವಾಡಿಗೆ ಹತ್ತಿದ್ರ ಅದ ಸ್ವರ ಎರಡು ಪಟ್ಟು. ನೀವು ಹೇಳಿದ ಅಳತಿಗೆ ಮುಂದಿನ ಗ್ವಾಡಿಯಿಂದ ಮೂರೂವರಿ–ನಾಲ್ಕು ಅಡಿಗೆ ಬರ್ತೀರಿ, ಛಲೋ ಜಾಗಾ.

ಕಡಪಾ ಕಲ್ಲು ಬಗ್ಗೆ ತುಸು ಕೆಲಸ ಐತಿ. ಡಬ್ಬಿ ನೇರ ಕಲ್ಲಿನ ಮ್ಯಾಲ ಇಟ್ರ ಟ್ವೀಟರ್ ಕಿವಿಗಿಂತ ಏಳೆಂಟು ಇಂಚು ಕೆಳಗ ಉಳೀತೈತಿ, ಮತ್ತ ಕಲ್ಲಿಗೆ ಬಡದು ಏಳೂ ಸದ್ದು ನೇರ ಸದ್ದಿನ ಹಿಂದಿಂದ ಬಂದು ದನಿ ಟೊಳ್ಳು ಮಾಡ್ತೈತಿ. ಎರಡು ಡಬ್ಬಿ ಕೆಳಗ ಎರಡೆರಡು ಇಟ್ಟಂಗಿ ಇಡ್ರಿ, ಇಟ್ಟಂಗಿಗೂ ಡಬ್ಬಿಗೂ ನಡುವ ಹಳೇ ಯೋಗಾ ಚಾಪಿಯ ತುಂಡು, ಮುಂಭಾಗದಾಗ ಅದ ತುಂಡು ಎರಡು ಮಡಿಕಿ ಹೆಚ್ಚು, ಡಬ್ಬಿ ತುಸು ಮ್ಯಾಲ ಮುಖ ಮಾಡಬೇಕು. ಕುಂತಲ್ಲಿಂದ ನೋಡಿದ್ರ ಎರಡೂ ಟ್ವೀಟರ್ ನಿಮ್ಮ ಕಣ್ಣಿಗೆ ನೇರ ಕಾಣಬೇಕು. ಕೀಬೋರ್ಡಿನ ಮುಂದ ಖಾಲಿ ಕಲ್ಲಿಗೆ ದಪ್ಪನ್ನ ಬಟ್ಟಿ ಹಾಸ್ರಿ.

ಆಮ್ಯಾಲ ಖೋಲಿ ನಡುವ ನಿಂತು ಒಂದು ಚಪ್ಪಾಳಿ ಹೊಡೀರಿ. ಟರ್ರ್ ಅಂತ ಬಾಲ ಉಳದ್ರ ಗ್ವಾಡಿ ಗ್ವಾಡಿ ನಡುವ ಸದ್ದು ಆಡಾಕತ್ತೈತಿ. ಮೊಳಿ ಹೊಡಿಯಂಗಿಲ್ಲ ಅಂದ್ರಿ; ಹಿಂದಿನ ಗ್ವಾಡಿ ಮುಂದ ಬಟ್ಟಿ ಒಣಹಾಕೋ ಸ್ಟ್ಯಾಂಡ್ ಇಟ್ಟು ಅದರ ಮ್ಯಾಲ ಕೌದಿ ಇಳಿಬಿಡ್ರಿ, ಗ್ವಾಡಿಯಿಂದ ಮೂರ್ನಾಲ್ಕು ಇಂಚು ದೂರ. ಗ್ವಾಡಿಗೆ ಹತ್ತಿಸಿದ್ದಕ್ಕಿಂತ ಹಿಂಗ ಗಾಳಿ ಬಿಟ್ಟು ಇಟ್ರ ಹೆಚ್ಚು ಹೀರ್ತೈತಿ. ಕೌದಿ ಮಾತಿನ ಗದ್ದಲಕ್ಕ ಕೆಲಸ ಮಾಡ್ತೈತಿ, 51–63 ಹರ್ಟ್ಜ್‌ಗೆ ಅಲ್ಲ. ಅರಳಿ ಗಾದಿ ಹಗಲೊತ್ತು ಸುತ್ತಿ ಮೂಲ್ಯಾಗ ನಿಲ್ಲಸಿದ್ರ ನಡುವಿನ ಸ್ವರಕ್ಕ ಇನ್ನೊಂದೀಟು ಆಸರಾ.

ಕೆಳಗಿನ ಗುಮ್ಮಿಗೆ ಎರಡು ಉಪಾಯ. ಪೋರ್ಟಿನ ತೂತಿಗೆ ಒಂದು ಕಾಲುಚೀಲ ಸಡಿಲ ಸುತ್ತಿ ಹಾಕ್ರಿ, ಬಿಗಿ ತುರಕಬ್ಯಾಡ್ರಿ. ಉಳದದ್ದಕ್ಕ ಈಕ್ವಲೈಸರ್ ಎಪಿಒ ಅಂತ ಪುಕ್ಕಟ ಸಾಫ್ಟ್‌ವೇರ್ ವಿಂಡೋಸಿಗೆ ಐತಿ. ಟೋನ್ 40ರಿಂದ 120ತನಕ ಹಗೂರಕ ಏರಸ್ರಿ, ಎಲ್ಲಿ ಒಮ್ಮೆಲೇ ಜೋರಾಗ್ತೈತೋ ಆ ಅಂಕಿ ಬರಕೋರಿ, ಅಲ್ಲಿ 4 ಡೆಸಿಬಲ್ ಇಳಿಸ್ರಿ. ಕಡಿಮಿ ಕೇಳೂ ಜಾಗಾದಾಗ ಏರಸಾಕ ಹೋಗಬ್ಯಾಡ್ರಿ. ಖೋಲಿ ತಿಂದ ಸ್ವರ ಎಷ್ಟ ಏರಿಸಿದ್ರೂ ಬರೂದಿಲ್ಲ, ಕೋನು ಮಾತ್ರ ದಣೀತೈತಿ. ವಿಂಡೋಸಿನ ಸೌಂಡ್ ಸೆಟ್ಟಿಂಗಿನ್ಯಾಗ ಬಾಸ್ ಬೂಸ್ಟ್, ವರ್ಚುವಲ್ ಸರೌಂಡ್ ಎಲ್ಲಾ ಬಂದ್ ಮಾಡ್ರಿ. ಲೌಡ್‌ನೆಸ್ ಈಕ್ವಲೈಸೇಶನ್ ಒಂದನ್ನ ರಾತ್ರಿ ಸಿನಿಮಾಕ್ಕ ಚಾಲೂ ಮಾಡಬಹುದು, ಗಾಯನಕ್ಕ ಬ್ಯಾಡ. ಆಲಾಪದಾಗ ದನಿ ಸಣ್ಣ ಆಗೂದು ದೊಡ್ಡ ಆಗೂದನ್ನ ಅದು ಸಪಾಟ ಮಾಡ್ತೈತಿ.

ಕಾಳಿ_ಒಂದು (ಬೆಳಗಾವಿ)

ಕಾಲುಚೀಲ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಒಂದೇ ವಿಲಂಬಿತ ಏಕತಾಲದ ತುಣುಕು ಕೇಳಿ, ವಾಲ್ಯೂಮ್ ಬದಲಿಸಬೇಡಿ. ಡಗ್ಗಾದ ಮೇಲೆ ಅಂಗೈ ಸರಿದು ಸ್ವರ ಏರುವುದು ಬೇರೆಯಾಗಿ ಕೇಳಿಸುತ್ತಿದೆಯಾ ಅಂತ ನೋಡಿ. ಕೇಳಿಸಿದರೆ ಚೀಲ ಅಲ್ಲೇ ಇರಲಿ. ತಂಬೂರಿ ಬಡವಾಯಿತು ಅನ್ನಿಸಿದರೆ ಅರ್ಧ ಎಳೆದು ಮತ್ತೆ ಕೇಳಿ.